ನಕ್ಷೆಗೆ ಬಾರದ ಜಾಗ



ಬೆಳೆಯುತ್ತಿರುವ ಸಣ್ಣ ನಗರಗಳು ತಮ್ಮ ನೆಲವನ್ನು ಹೇಗೆ ನೋಡಿಕೊಳ್ಳಬೇಕು ಎಂಬ ವಿಷಯದ ಮೇಲೆ ಮಾತಾಡಲು ದೆಹಲಿಯ ಕನ್ನಡಿಗರಾದ ನೀವು ನನ್ನನ್ನು ಕರೆದಿದ್ದೀರಿ. ಕರ್ನಾಟಕದ ನಗರ ಯೋಜನೆಯ ಕೆಲಸದಲ್ಲಿ ಮೂವತ್ತು ವರ್ಷ ಸವೆಸಿದವರು ತುಮಕೂರಿನಿಂದಲೋ ಶಿವಮೊಗ್ಗದಿಂದಲೋ ಮಾತು ಶುರು ಮಾಡುತ್ತಾರೆಂದು ನೀವು ಎಣಿಸಿರಬಹುದು. ಅಲ್ಲಿಗೂ ಬರುತ್ತೇನೆ. ಆದರೆ ಮೊದಲು ಈ ಸಭಾಂಗಣದಿಂದ ಆಟೋ ಹಿಡಿದರೆ ಬೇಗ ತಲುಪಬಹುದಾದ ಒಂದು ಜಾಗಕ್ಕೆ ನಿಮ್ಮನ್ನು ಕರೆದೊಯ್ಯಬೇಕು. ಅದು ಸರೋಜಿನಿ ನಗರ. ನಾನು ಬೆಳೆದದ್ದು ಅಲ್ಲಿ. ಇಲ್ಲಿ ಕುಳಿತವರಲ್ಲಿ ಹಲವರು ಬೆಳೆದದ್ದೂ ಅಲ್ಲೇ, ಇಲ್ಲವೇ ಅದರ ನೆರೆಯ ನೇತಾಜಿ ನಗರದಲ್ಲಿ, ಲಕ್ಷ್ಮೀಬಾಯಿ ನಗರದಲ್ಲಿ, ಕಿದ್ವಾಯಿ ನಗರದಲ್ಲಿ.

ನಿನ್ನೆ ಮಧ್ಯಾಹ್ನ ಮೆಟ್ರೋದಲ್ಲಿ ಹೋಗಿ ಇಳಿದೆ. ನೆಲದಡಿಯ ಆ ನಿಲ್ದಾಣ 2018ರ ಆಗಸ್ಟ್‌ನಲ್ಲಿ ಪಿಂಕ್ ಲೈನಿನ ಜೊತೆ ತೆರೆಯಿತು. ಮೇಲೆ ಬಂದರೆ ಒಂದು ಕಡೆ ಬಟ್ಟೆ ಅಂಗಡಿಗಳ ಜನಸಾಗರ, ಇನ್ನೊಂದು ಕಡೆ ಆಕಾಶಕ್ಕೆ ಎದ್ದು ನಿಂತ ವಸತಿ ಗೋಪುರಗಳು. ನಮ್ಮ ಬ್ಲಾಕ್ ಎಲ್ಲಿತ್ತು ಎಂದು ಗುರುತು ಹಿಡಿಯಲು ಅರ್ಧ ಗಂಟೆ ಅಲೆದೆ. ಕಡೆಗೂ ಗುರುತು ಸಿಗಲಿಲ್ಲ. ಮನೆ ಹೋಗಿರುತ್ತದೆ ಎಂದು ಗೊತ್ತಿತ್ತು. ಮನೆಯನ್ನು ಹುಡುಕಲು ಬೇಕಾದ ತಿರುವು, ಮರ, ಮೂಲೆ, ಯಾವುದೂ ಇರುವುದಿಲ್ಲ ಎಂದು ಎಣಿಸಿರಲಿಲ್ಲ.

ಈ ಬಡಾವಣೆಯ ಹಳೆಯ ಹೆಸರು ವಿನಯ ನಗರ. ಹಿರಿಯ ತಲೆಮಾರಿನವರ ಬಾಯಲ್ಲಿ ಆ ಹೆಸರು ಬಹಳ ಕಾಲ ಉಳಿದಿತ್ತು. ಸ್ವಾತಂತ್ರ್ಯ ಬಂದ ಹೊತ್ತಿನಲ್ಲಿ ದೆಹಲಿ ತಡೆಯಿಲ್ಲದೆ ಬೆಳೆದ ನಗರ. 1941ರ ಜನಗಣತಿಯಲ್ಲಿ ಸುಮಾರು 9 ಲಕ್ಷ ಇದ್ದದ್ದು 1951ರಲ್ಲಿ 17 ಲಕ್ಷ ದಾಟಿತ್ತು. ವಿಭಜನೆಯ ಗಾಯ ಹೊತ್ತು ಬಂದವರೇ ಸುಮಾರು 5 ಲಕ್ಷ. ಜೊತೆಗೆ ಹೊಸ ದೇಶದ ಹೊಸ ಸಚಿವಾಲಯಗಳಿಗೆ ಗುಮಾಸ್ತರು, ಟೈಪಿಸ್ಟರು, ಸೆಕ್ಷನ್ ಆಫೀಸರುಗಳು ಎಲ್ಲ ಪ್ರಾಂತಗಳಿಂದ ಬಂದರು. ನಮ್ಮ ತಂದೆ ಅರಸೀಕೆರೆಯಿಂದ ಬಂದರು. ಇಂಥವರಿಗಾಗಿ ದಕ್ಷಿಣ ದೆಹಲಿಯ ಹೊಲ-ಗದ್ದೆಗಳ ಮೇಲೆ ಎರಡಂತಸ್ತಿನ ಸಾಲು ಸಾಲು ಕ್ವಾರ್ಟರ್ಸ್ ಎದ್ದವು. ಪಿಲಂಜಿ ಎಂಬ ಹಳೆಯ ಹಳ್ಳಿ ಈ ಸಾಲುಗಳ ಪಕ್ಕದಲ್ಲೇ ಉಳಿದುಕೊಂಡಿತು. ಅದರ ಗದ್ದೆಗಳಿಗೆ ಸರಕಾರಿ ನಂಬರು ಬಿತ್ತು, ಊರಿಗೆ ಮಾತ್ರ ಅದರದೇ ಇಕ್ಕಟ್ಟು ಗಲ್ಲಿಗಳು ಉಳಿದವು. ನಾವು ಚಿಕ್ಕವರಿದ್ದಾಗ ಹಾಲು, ಮೇವು, ಎಮ್ಮೆ ಎಂದರೆ ಪಿಲಂಜಿ.

ದೆಹಲಿಯ ಮೊದಲ ಮಹಾಯೋಜನೆ ಬಂದದ್ದು 1962ರಲ್ಲಿ. ಅಂದರೆ ವಿನಯ ನಗರದಲ್ಲಿ ಜನ ವಾಸ ಮಾಡಲು ತೊಡಗಿ ಎಷ್ಟೋ ವರ್ಷಗಳಾದ ಮೇಲೆ. ಅಂಥ ಯೋಜನೆಯ ನಕ್ಷೆಯಲ್ಲಿ ವಸತಿ ಜಾಗಕ್ಕೆ ಹಳದಿ ಬಣ್ಣ. ನನ್ನ ಕಸುಬಿನಲ್ಲಿ ಆ ಹಳದಿಯನ್ನು ನಾನೇ ನೂರಾರು ಸಲ ಹಚ್ಚಿದ್ದೇನೆ. ಹಳದಿ ಎಂದರೆ ಇಲ್ಲಿ ಜನ ಮಲಗುತ್ತಾರೆ, ಅಡಿಗೆ ಮಾಡುತ್ತಾರೆ, ಮಕ್ಕಳನ್ನು ಸಾಕುತ್ತಾರೆ ಎಂದು ಓದಿಕೊಳ್ಳಬೇಕು. ನಮ್ಮ ಬ್ಲಾಕಿನಲ್ಲಿ ಆ ಹಳದಿಯೊಳಗೆ ಏನೇನು ನಡೆಯುತ್ತಿತ್ತು ಎಂಬುದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕಾಗಿದೆ. ನನ್ನ ಇವತ್ತಿನ ಮಾತೆಲ್ಲ ನಿಂತಿರುವುದು ಅದರ ಮೇಲೆ.

ಎರಡು ಸಾಲು ಕ್ವಾರ್ಟರ್ಸ್‌ಗಳ ನಡುವೆ ಒಂದು ಹುಲ್ಲಿನ ಅಂಗಳ. ಅದರ ಅಂಚಿನಲ್ಲಿ ಬೇವು, ನೇರಳೆ, ಒಂದು ಅರಳಿ. ನೇರಳೆ ಮರದಡಿ ಇಸ್ತ್ರಿಯವನ ಮೇಜು. ಅವನ ಇದ್ದಿಲ ಪೆಟ್ಟಿಗೆಯ ಬಿಸಿ, ಹೆಂಡತಿ ಮಕ್ಕಳು, ಒಂದು ಟ್ರಂಕು, ಎಲ್ಲ ಆ ನೆರಳಿನ ವ್ಯಾಪ್ತಿಯಲ್ಲೇ. ನೂರಿಪ್ಪತ್ತು ಮನೆಯ ಬಟ್ಟೆ ಅವನ ಕೈಯಲ್ಲಿ ಹಾದುಹೋಗುತ್ತಿತ್ತು. ಯಾವ ಮನೆಯವರಿಗೆ ವರ್ಗವಾಯಿತು, ಯಾರ ಮಗಳ ಮದುವೆ ಗೊತ್ತಾಯಿತು ಎಂಬುದು ಅವನಿಗೆ ಮೊದಲು ತಿಳಿಯುತ್ತಿತ್ತು. ಬ್ಲಾಕಿನ ಮೂಲೆಯಲ್ಲಿ ಸೈಕಲ್ ಪಂಕ್ಚರ್ ಹಾಕುವವನು, ಅವನ ಪಕ್ಕ ಬೆಳಗಿನ ಎರಡು ಗಂಟೆ ಮಾತ್ರ ತರಕಾರಿಯ ತಳ್ಳುಗಾಡಿ. ಚಳಿಗಾಲದ ಮಧ್ಯಾಹ್ನ ಅದೇ ಅಂಗಳದಲ್ಲಿ ಹೆಂಗಸರು ಚಾರ್ಪಾಯಿ ಎಳೆದುಕೊಂಡು ಬಿಸಿಲಿಗೆ ಕೂತು ಸ್ವೆಟರ್ ಹೆಣೆಯುವರು, ಬಟಾಣಿ ಬಿಡಿಸುವರು. ನಮ್ಮಮ್ಮ ಹಿಂದಿ ಕಲಿತದ್ದು ಯಾವ ಶಾಲೆಯಲ್ಲೂ ಅಲ್ಲ, ಆ ಬಿಸಿಲಿನಲ್ಲಿ. ಪಂಜಾಬಿನ ಮೌಸಿಯೊಬ್ಬರು ಅಮ್ಮನಿಗೆ ಸಾಸಿವೆ ಸೊಪ್ಪಿನ ಸಾಗ್ ಕಲಿಸಿದರು, ಅಮ್ಮ ಅವರಿಗೆ ಹುಳಿ ಮಾಡುವುದನ್ನು ಕಲಿಸಿದಳು. ಬೇಸಿಗೆಯ ರಾತ್ರಿ ಕರೆಂಟು ಹೋದರೆ ಇಡೀ ಬ್ಲಾಕ್ ಅಂಗಳಕ್ಕೆ, ಮೇಲ್ಮನೆಯವರು ತಾರಸಿಗೆ. ಮದುವೆಗೆ ಅಲ್ಲೇ ಶಾಮಿಯಾನ. ಯಾರಾದರೂ ತೀರಿಕೊಂಡರೆ ಅಲ್ಲೇ ಜಮಖಾನ ಹಾಸಿ ಎಲ್ಲರೂ ಕೂರುವುದು. ಲೋಧಿ ಎಸ್ಟೇಟಿನ ಕನ್ನಡ ಶಾಲೆಗೆ ಹೋಗುವ ಮಕ್ಕಳು ಬಸ್ಸಿಗೆ ಕಾಯುತ್ತಿದ್ದುದು ಅರಳಿ ಮರದ ಕಟ್ಟೆಯ ಮೇಲೆ.

ಮನೆಯ ಹಿಂದೆ ಎರಡು ಮಾರು ಜಾಗ. ಅಲ್ಲಿ ಅಮ್ಮ ನೆಟ್ಟಿದ್ದ ಕರಿಬೇವು. ಊರಿನಿಂದ ರೈಲಿನಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಸಸಿ. ದೆಹಲಿಯ ಚಳಿಗೆ ಎರಡು ಸಲ ಒಣಗಿ ಮತ್ತೆ ಚಿಗುರಿತು. ಐಎನ್‌ಎ ಮಾರುಕಟ್ಟೆಗೆ ಹೋದರೆ ತೆಂಗಿನಕಾಯಿ, ಬಾಳೆ ಎಲೆ, ಕರಿಬೇವು ಎಲ್ಲ ಸಿಗುತ್ತಿತ್ತು ನಿಜ. ಆದರೂ ಒಗ್ಗರಣೆ ಹಾಕುವ ಹೊತ್ತಿಗೆ ಸುತ್ತಲಿನ ತಮಿಳರು, ತೆಲುಗರು, ಮಲಯಾಳಿಗಳು ನಮ್ಮ ಹಿತ್ತಿಲ ಬಾಗಿಲು ತಟ್ಟುತ್ತಿದ್ದರು.

ಇವುಗಳಲ್ಲಿ ಯಾವುದಕ್ಕೂ ನಕ್ಷೆಯಲ್ಲಿ ಬಣ್ಣವಿರಲಿಲ್ಲ. ಇಸ್ತ್ರಿಯವನ ಮೇಜು ವಾಣಿಜ್ಯವೂ ಅಲ್ಲ, ಕೈಗಾರಿಕೆಯೂ ಅಲ್ಲ. ಜಮಖಾನ ಹಾಸುವ ಜಾಗ ಸಮುದಾಯ ಭವನವಲ್ಲ. ನಕ್ಷೆ ಓದುವವರಿಗೆ ಆ ಅಂಗಳ ಕಾಣುವುದು ಒಂದೇ ರೀತಿ: ಕಟ್ಟದೆ ಬಿಟ್ಟ ಜಾಗ. ಬೆಲೆ ಬಾಳುವ ನೆಲ ಸುಮ್ಮನೆ ಬಿದ್ದಿದೆ ಎಂದು.

ಹಾಗೆ ಕಾಣುವುದರ ಹಿಂದೆ ನ್ಯಾಯವಾದ ಕಾರಣವೂ ಇತ್ತು. ಅದನ್ನು ಮುಚ್ಚಿಟ್ಟು ಮಾತಾಡಿದರೆ ನನ್ನ ಕಸುಬಿಗೆ ದ್ರೋಹ ಮಾಡಿದಂತೆ. ಅರವತ್ತು ವರ್ಷದ ಆ ಕ್ವಾರ್ಟರ್ಸ್‌ಗಳ ಸೂರು ಸೋರುತ್ತಿತ್ತು, ಗಾರೆ ಉದುರುತ್ತಿತ್ತು, ಕಬ್ಬಿಣ ತುಕ್ಕು ಹಿಡಿದಿತ್ತು. ಮನೆ ಅಲಾಟ್ ಆಗುವುದಕ್ಕೆ ನೌಕರರು ಹಲವು ವರ್ಷ ಕಾಯಬೇಕಿತ್ತು. ಅಲ್ಲಿಯವರೆಗೆ ಗಾಜಿಯಾಬಾದ್, ಫರೀದಾಬಾದ್‌ಗಳ ಬಾಡಿಗೆ ಮನೆಯಿಂದ ದಿನಕ್ಕೆ ಮೂರು ಗಂಟೆ ಪ್ರಯಾಣ. ಊರ ನಡುವೆ ಎರಡೇ ಅಂತಸ್ತಿನ ಮನೆ ಇಟ್ಟುಕೊಂಡು ಹೊರಗಿನ ಹೊಲಗಳನ್ನು ನುಂಗುತ್ತಾ ಹೋಗುವ ನಗರ ಒಳ್ಳೆಯ ನಗರವಲ್ಲ. ಒಳಗಿನ ನೆಲದಲ್ಲೇ ಹೆಚ್ಚು ಮನೆ ಕಟ್ಟಬೇಕು ಎಂಬುದನ್ನು ನಾನು ಒಪ್ಪುತ್ತೇನೆ, ಪೂರ್ತಿ ಒಪ್ಪುತ್ತೇನೆ.

2016ರ ಜುಲೈಯಲ್ಲಿ ಕೇಂದ್ರ ಸಚಿವ ಸಂಪುಟ ದಕ್ಷಿಣ ದೆಹಲಿಯ ಏಳು ಸರಕಾರಿ ಬಡಾವಣೆಗಳನ್ನು ಕೆಡವಿ ಕಟ್ಟುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಸರೋಜಿನಿ ನಗರ, ನೇತಾಜಿ ನಗರ, ನೌರೋಜಿ ನಗರಗಳ ಕೆಲಸ ಕೇಂದ್ರ ಸರಕಾರದ ನಿರ್ಮಾಣ ಕಂಪನಿಯಾದ ಎನ್‌ಬಿಸಿಸಿಗೆ. ಕಸ್ತೂರ್ಬಾ ನಗರ, ತ್ಯಾಗರಾಜ ನಗರ, ಶ್ರೀನಿವಾಸಪುರಿ, ಮೊಹಮ್ಮದ್‌ಪುರಗಳದ್ದು ಕೇಂದ್ರ ಲೋಕೋಪಯೋಗಿ ಇಲಾಖೆಯಾದ ಸಿಪಿಡಬ್ಲ್ಯುಡಿಗೆ. ಇದ್ದ 12,970 ಮನೆಗಳ ಜಾಗದಲ್ಲಿ ಸುಮಾರು 25,667 ಮನೆ. ಮೂವತ್ತು ವರ್ಷದ ನಿರ್ವಹಣೆಯೂ ಸೇರಿ ವೆಚ್ಚ 32,835 ಕೋಟಿ ರೂಪಾಯಿ. ಖಜಾನೆಯಿಂದ ಹಣ ತೆಗೆಯದೆ, ಅದೇ ನೆಲದ ಒಂದು ಭಾಗದಲ್ಲಿ ವಾಣಿಜ್ಯ ಕಟ್ಟಡ ಕಟ್ಟಿ ಮಾರಿ ಆ ದುಡ್ಡಿನಲ್ಲೇ ಮನೆ ಕಟ್ಟುವುದು ಇದರ ಲೆಕ್ಕಾಚಾರ.

ಮಾರುವ ಭಾಗ ಮುಖ್ಯವಾಗಿ ನೌರೋಜಿ ನಗರಕ್ಕೆ ಬಿತ್ತು. ಅಲ್ಲಿ 600ಕ್ಕೂ ಹೆಚ್ಚು ಕ್ವಾರ್ಟರ್ಸ್ ಇದ್ದವು. ಈಗ ಅಲ್ಲಿರುವುದು ವರ್ಲ್ಡ್ ಟ್ರೇಡ್ ಸೆಂಟರ್, ಸುಮಾರು 34 ಲಕ್ಷ ಚದರಡಿಯ ಕಚೇರಿ ಜಾಗ. 2025ರ ಜನವರಿ 3ರಂದು ಪ್ರಧಾನಮಂತ್ರಿಗಳು ಅದನ್ನೂ, ಸರೋಜಿನಿ ನಗರದ 28 ಗೋಪುರಗಳ 2,500ಕ್ಕೂ ಹೆಚ್ಚು ಟೈಪ್-2 ದರ್ಜೆಯ ಮನೆಗಳನ್ನೂ ಒಂದೇ ದಿನ ಉದ್ಘಾಟಿಸಿದರು. ಆ ಮನೆಗಳನ್ನು ಹೊರಗಿನಿಂದ ನೋಡಿ ಬಂದೆ. ಗಟ್ಟಿಯಾಗಿವೆ, ಬೆಳಕಿದೆ, ಲಿಫ್ಟ್ ಇದೆ. ಇಂಥದೊಂದು ಮನೆ ನಮ್ಮ ತಂದೆಗೆ ಸಿಕ್ಕಿದ್ದರೆ ಅಮ್ಮನ ಮಂಡಿ ನೋವಿಗೆ ದೊಡ್ಡ ಉಪಕಾರವಾಗುತ್ತಿತ್ತು.

ನನ್ನ ಆತಂಕ ಬೇರೆ ಕಡೆ ಇದೆ. ಮನೆ ಕಟ್ಟಲು ಹಣ ಬೇಕಾದಾಗ ಸಾರ್ವಜನಿಕ ನೆಲವನ್ನೇ ಹಣ ಮಾಡಿಕೊಳ್ಳುವುದು ಈಗ ದೇಶದ ಎಲ್ಲ ನಗರಸಭೆಗಳ ಬಾಯಲ್ಲಿರುವ ಉಪಾಯ. ನಮ್ಮ ಹಳ್ಳಿಯ ಕಡೆ ಮಗಳ ಮದುವೆಗೆ ಹೊಲ ಮಾರುವವರನ್ನು ನೋಡಿದ್ದೇವೆ. ಮದುವೆ ಆಗಲೇಬೇಕು, ಅದರಲ್ಲಿ ತಪ್ಪಿಲ್ಲ. ಆದರೆ ಎರಡನೆಯ ಮಗಳ ಮದುವೆಗೆ ಹೊಲ ಇರುವುದಿಲ್ಲ. ನೌರೋಜಿ ನಗರದ ಕಚೇರಿ ಜಾಗ ಕೈಬಿಟ್ಟು ಹೋದ ಮೇಲೆ, ಐವತ್ತು ವರ್ಷದ ನಂತರ ಈಗಿನ ಗೋಪುರಗಳು ಹಳತಾದಾಗ ಅವುಗಳನ್ನು ಮತ್ತೆ ಕಟ್ಟಲು ಮಾರುವ ನೆಲ ಯಾವುದು? ದೆಹಲಿಯಂಥ ರಾಜಧಾನಿ ಹೇಗೋ ಒಂದು ದಾರಿ ಹುಡುಕಿಕೊಳ್ಳಬಹುದು. ಹಳೆಯ ಮಾರುಕಟ್ಟೆಯೋ ಬಸ್ ನಿಲ್ದಾಣವೋ ಬಿಟ್ಟರೆ ಊರ ನಡುವೆ ತನ್ನದೆನ್ನುವ ನೆಲವೇ ಇಲ್ಲದ ತಾಲ್ಲೂಕು ಕೇಂದ್ರದ ಪುರಸಭೆಗೆ ಅಂಥ ದಾರಿಯಿಲ್ಲ. ಬಸ್ ನಿಲ್ದಾಣದ ಮೇಲೆ ಮಳಿಗೆ ಕಟ್ಟಿ ದೀರ್ಘಾವಧಿಗೆ ಕೊಡೋಣ ಎಂಬ ಪ್ರಸ್ತಾವ ಬಂದಾಗ ಸದಸ್ಯರು ಬಾಡಿಗೆ ಎಷ್ಟು ಎಂದು ಕೇಳುತ್ತಾರೆ. ಅವಧಿ ಎಷ್ಟು, ಮುಗಿದ ಮೇಲೆ ನೆಲ ಯಾವ ಸ್ಥಿತಿಯಲ್ಲಿ ಕೈಗೆ ಬರುತ್ತದೆ, ನಡುವೆ ಊರು ದುಪ್ಪಟ್ಟಾದರೆ ಬಸ್ಸುಗಳು ಎಲ್ಲಿ ನಿಲ್ಲುತ್ತವೆ ಎಂದು ಕೇಳಿದ ಇಬ್ಬರನ್ನು ಮಾತ್ರ ನನ್ನ ಸೇವಾವಧಿಯಲ್ಲಿ ಕಂಡೆ. ಇಬ್ಬರೂ ಮಹಿಳಾ ಸದಸ್ಯರು.

ಮರಗಳ ವಿಷಯ ನಿಮಗೆಲ್ಲ ಗೊತ್ತು. 2018ರ ಜೂನ್‌ನಲ್ಲಿ ನಿಮ್ಮಲ್ಲಿ ಕೆಲವರು ಮಕ್ಕಳನ್ನು ಕರೆದುಕೊಂಡು ಹೋಗಿ ಸರೋಜಿನಿ ನಗರದ ಮರಗಳನ್ನು ಅಪ್ಪಿಕೊಂಡು ನಿಂತಿದ್ದಿರಿ. ಸರೋಜಿನಿ ನಗರ ಒಂದರಲ್ಲೇ 13,128 ಮರಗಳಿದ್ದು ಅದರಲ್ಲಿ ಸುಮಾರು 11,000 ಮರ ಉರುಳಬೇಕೆಂಬ ಲೆಕ್ಕ ಹೊರಬಿದ್ದಾಗ ಊರು ಬೆಚ್ಚಿತು. ದೆಹಲಿ ಹೈಕೋರ್ಟಿನಲ್ಲಿ ಅರ್ಜಿ ಬಂತು, ಕಡಿತ ನಿಂತಿತು. ಒಂದು ಮರಕ್ಕೆ ಹತ್ತು ಸಸಿ ನೆಡುತ್ತೇವೆ ಎಂಬುದು ಕಡಿಯುವವರ ಉತ್ತರ. 1994ರ ದೆಹಲಿ ಮರ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ನಡೆದುಬಂದ ಪದ್ಧತಿ ಅದು. ಹತ್ತು ಸಸಿ ಎಲ್ಲಿ ನೆಡುತ್ತಾರೆ? ಊರಾಚೆ ಎಲ್ಲೋ. ಇಸ್ತ್ರಿಯವನ ಮೇಜಿಗೆ ನೆರಳು ಬೇಕಾದದ್ದು ಇಲ್ಲಿ. ಅಷ್ಟೊಂದು ಜನ ಬೀದಿಗಿಳಿದ ಮೇಲೆ ವಿನ್ಯಾಸ ಮತ್ತೆ ತಿದ್ದುವ ಮಾತು ಬಂತು. 2020ರಲ್ಲಿ ದೆಹಲಿ ಸರಕಾರ ಮರ ಸ್ಥಳಾಂತರದ ನೀತಿಯನ್ನು ತಂದು, ಕಾಮಗಾರಿಗೆ ಅಡ್ಡ ಬರುವ ಮರಗಳಲ್ಲಿ ಕನಿಷ್ಠ ಶೇಕಡ 80ನ್ನು ಬೇರುಸಹಿತ ಬೇರೆಡೆ ನೆಡಬೇಕೆಂದಿತು. ವಿನ್ಯಾಸ ತಿದ್ದಬಹುದಾಗಿದ್ದರೆ ಮೊದಲೇ ಏಕೆ ಮರಗಳನ್ನು ನೋಡಿ ಗೆರೆ ಎಳೆಯಲಿಲ್ಲ ಎಂಬ ಪ್ರಶ್ನೆ ನನ್ನನ್ನು ಈಗಲೂ ಕಾಡುತ್ತದೆ. ಉತ್ತರ ಬಹುಶಃ ಸರಳ: ಗೆರೆ ಎಳೆಯುವ ಮೇಜಿನ ಮೇಲೆ ಇದ್ದ ನಕ್ಷೆಯಲ್ಲಿ ಕಟ್ಟಡಗಳಿದ್ದವು, ರಸ್ತೆಗಳಿದ್ದವು, ಮರಗಳಿರಲಿಲ್ಲ. ಮರದ ಎಣಿಕೆ ಬಂದದ್ದು ಕಡಿಯಲು ಅನುಮತಿ ಕೇಳುವ ಹಂತದಲ್ಲಿ.

ಮರಗಳಿಗೆ ಕೊನೆಗೂ ಒಂದು ಎಣಿಕೆಯಾದರೂ ಸಿಕ್ಕಿತು. ಮನುಷ್ಯರಲ್ಲಿ ಅದೂ ಸಿಗದವರಿದ್ದರು. 2022ರ ಏಪ್ರಿಲ್‌ನಲ್ಲಿ ಸರೋಜಿನಿ ನಗರದ ಸುಮಾರು 200 ಝುಗ್ಗಿಗಳನ್ನು, ಅಂದರೆ ಗುಡಿಸಲುಗಳನ್ನು, ತೆರವು ಮಾಡುವ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಕೋರ್ಟಿನ ಬಾಗಿಲಿಗೆ ಬಂದವರಲ್ಲಿ ಮರುದಿನ ಹತ್ತನೆಯ ತರಗತಿಯ ಬೋರ್ಡ್ ಪರೀಕ್ಷೆ ಬರೆಯಬೇಕಿದ್ದ ಮಗುವೂ ಇತ್ತು. ಏಪ್ರಿಲ್ 25ರಂದು ನ್ಯಾಯಾಲಯ ತೆರವಿಗೆ ತಡೆ ಕೊಟ್ಟಿತು. ಆ ಝುಗ್ಗಿಗಳಲ್ಲಿ ಯಾರಿದ್ದರು? ನಮ್ಮ ಮನೆಗಳಲ್ಲಿ ಪಾತ್ರೆ ತಿಕ್ಕಿದವರು, ನೆಲ ಒರೆಸಿದವರು, ಮಾರುಕಟ್ಟೆಯಲ್ಲಿ ಮೂಟೆ ಹೊತ್ತವರು, ಇಸ್ತ್ರಿ ಹಾಕಿದವರು. ಕ್ವಾರ್ಟರ್ಸ್ ಇದ್ದಷ್ಟು ಕಾಲವೂ ಕ್ವಾರ್ಟರ್ಸ್‌ಗೆ ಇವರು ಬೇಕಿತ್ತು. ಮನೆಗಳ ಸಂಖ್ಯೆ ಎರಡು ಪಟ್ಟಾದರೆ ಇವರ ಅಗತ್ಯವೂ ಎರಡು ಪಟ್ಟಾಗುತ್ತದೆ. 25,667 ಮನೆಗಳ ಲೆಕ್ಕದಲ್ಲಿ ಪಾರ್ಕಿಂಗ್‌ಗೆ ಅಳತೆಯಿದೆ. ಪ್ರತಿ ಮನೆಗೆ ಬೆಳಿಗ್ಗೆ ಏಳಕ್ಕೆ ಬರುವ ಆ ಹೆಂಗಸು ರಾತ್ರಿ ಎಲ್ಲಿ ಮಲಗುತ್ತಾಳೆ ಎಂಬುದಕ್ಕೂ ಅದೇ ಕಾಗದದಲ್ಲಿ ಒಂದು ಅಳತೆ ಇರಬೇಕಾಗಿತ್ತು.

ಮಾರುಕಟ್ಟೆಯ ಬಗ್ಗೆ ಎರಡು ಮಾತು ಹೇಳದಿದ್ದರೆ ಸರೋಜಿನಿ ನಗರದ ಹೆಸರೆತ್ತುವ ಹಕ್ಕಿಲ್ಲ. ಕ್ವಾರ್ಟರ್ಸ್‌ನವರು ಸೋಪು, ಬೇಳೆ, ಶಾಲೆಯ ಯೂನಿಫಾರಂ ಕೊಳ್ಳಲಿ ಎಂದು ಇದ್ದ ಅಂಗಡಿಗಳು ಅವು. ಹಲವು ಅಂಗಡಿ ವಿಭಜನೆಯಲ್ಲಿ ಎಲ್ಲ ಕಳೆದುಕೊಂಡು ಬಂದ ಕುಟುಂಬಗಳದ್ದು. ರಫ್ತಿಗೆ ಹೊಲಿದು ಉಳಿದ ಬಟ್ಟೆ ಅಲ್ಲಿಗೆ ಬರತೊಡಗಿದ ಮೇಲೆ ಇಡೀ ಉತ್ತರ ಭಾರತದ ಕಾಲೇಜು ಹುಡುಗಿಯರು ಅಲ್ಲಿಗೆ ಬಂದರು. ಅದೇ ಅಗಲದ ರಸ್ತೆ, ಅದೇ ಅಳತೆಯ ಚರಂಡಿ, ಜನ ಮಾತ್ರ ನೂರು ಪಟ್ಟು. 2005ರ ಅಕ್ಟೋಬರ್ 29ರ ಸಂಜೆ ದೀಪಾವಳಿಯ ಖರೀದಿಗೆ ನೆರೆದ ಆ ಜನಸಂದಣಿಯ ನಡುವೆ ಬಾಂಬು ಸಿಡಿಯಿತು. ಅಂದು ದೆಹಲಿಯ ಸ್ಫೋಟಗಳಲ್ಲಿ ಸತ್ತ ಅರವತ್ತಕ್ಕೂ ಹೆಚ್ಚು ಮಂದಿಯಲ್ಲಿ ಬಹುಪಾಲು ಜನ ಪ್ರಾಣ ಬಿಟ್ಟದ್ದು ಇಲ್ಲಿ. ಸತ್ತವರ ನೆನಪಿನ ಕಲ್ಲಿನ ಮುಂದೆ ನಿನ್ನೆ ಸ್ವಲ್ಪ ಹೊತ್ತು ನಿಂತಿದ್ದೆ. 2021ರ ಡಿಸೆಂಬರಿನಲ್ಲಿ ಓಮಿಕ್ರಾನ್ ಹರಡುತ್ತಿದ್ದಾಗ ಇದೇ ಮಾರುಕಟ್ಟೆಯ ನೂಕುನುಗ್ಗಲನ್ನು ಕಂಡು ಹೈಕೋರ್ಟ್ ಕಳವಳಪಟ್ಟಿತು, ಅಂಗಡಿಗಳನ್ನು ಸಮ-ಬೆಸ ಸಂಖ್ಯೆಯಂತೆ ತೆರೆಸಬೇಕಾಯಿತು.

ಪ್ರತಿ ಸಲವೂ ಬೆರಳು ತೋರುವುದು ಬೀದಿಬದಿಯವರ ಕಡೆಗೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅವರನ್ನು ಓಡಿಸುವ ಮೊದಲು ಎಣಿಸಬೇಕು ಎನ್ನುತ್ತದೆ. ಐದು ವರ್ಷಕ್ಕೊಮ್ಮೆ ಸಮೀಕ್ಷೆ, ನಗರ ಮಾರಾಟ ಸಮಿತಿ, ಆ ಸಮಿತಿಯಲ್ಲಿ ಕನಿಷ್ಠ ಶೇಕಡ 40ರಷ್ಟು ವ್ಯಾಪಾರಿಗಳೇ ಇರಬೇಕು. ಈ ದೇಶದ ನಗರ ಕಾನೂನುಗಳಲ್ಲಿ ನನಗೆ ಬಹಳ ಗೌರವವಿರುವ ಕಾಯ್ದೆಗಳಲ್ಲಿ ಇದೊಂದು. ನೆಲದ ಮೇಲೆ ನಿಜವಾಗಿ ಏನು ನಡೆಯುತ್ತಿದೆ ಎಂದು ಮೊದಲು ಬರೆದುಕೊಳ್ಳಿ, ಆಮೇಲೆ ನಿರ್ಧರಿಸಿ ಎಂದು ಅದು ಅಧಿಕಾರಿಯ ಕೈ ಹಿಡಿದು ಹೇಳುತ್ತದೆ.

ಈಗ ಊರ ಕಡೆಗೆ ಬರೋಣ.

ಮೈಸೂರಿನಲ್ಲಿ 1903ರಲ್ಲೇ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ ಹುಟ್ಟಿತು. ಬೆಂಗಳೂರಿನಲ್ಲಿ 1898ರ ಪ್ಲೇಗಿನ ಭಯದಲ್ಲಿ ಬಸವನಗುಡಿ, ಮಲ್ಲೇಶ್ವರಗಳು ಅಗಲ ರಸ್ತೆ, ಹಿತ್ತಿಲು, ಗಾಳಿಗಳೊಂದಿಗೆ ಮೈದಾಳಿದವು. ಅಂದರೆ ನೆಲವನ್ನು ಯೋಚಿಸಿ ಬಳಸುವ ಅಭ್ಯಾಸ ನಮಗೆ ಹೊಸದಲ್ಲ. ಅದೇ ಬೆಂಗಳೂರು ಧರ್ಮಾಂಬುಧಿ ಕೆರೆಯನ್ನು ಬಸ್ ನಿಲ್ದಾಣ ಮಾಡಿತು, ಸಂಪಂಗಿ ಕೆರೆಯನ್ನು ಕ್ರೀಡಾಂಗಣ ಮಾಡಿತು. ಬತ್ತಿದ ಕೆರೆಯಂಗಳ ನಕ್ಷೆ ನೋಡುವವರಿಗೆ ಖಾಲಿ ಜಾಗ. ಮಳೆಗಾಲಕ್ಕೆ ಮಾತ್ರ ಅದು ಖಾಲಿಯಲ್ಲ ಎಂಬುದು ಗೊತ್ತು.

ಇಂದು ಒತ್ತಡ ಬಿದ್ದಿರುವುದು ಎರಡನೆಯ ಸಾಲಿನ ಊರುಗಳ ಮೇಲೆ. 2011ರ ಜನಗಣತಿಯಲ್ಲಿ ಶಿವಮೊಗ್ಗ 3 ಲಕ್ಷ 22 ಸಾವಿರ, ತುಮಕೂರು 3 ಲಕ್ಷ 2 ಸಾವಿರ. ಆ ಎಣಿಕೆ ಹಳತಾಗಿ ಎಷ್ಟೋ ಕಾಲವಾಯಿತು. ಊರ ಸುತ್ತ ನೋಡಿದರೆ ರಾಗಿ ಹೊಲದ ನಡುವೆ ಕಲ್ಲು ನೆಟ್ಟು, ಬಣ್ಣದ ಕಮಾನು ಕಟ್ಟಿ, ಲೇಔಟ್ ಎಂದು ಫಲಕ ಹಾಕಿರುವುದು ಕಾಣುತ್ತದೆ. ಭೂಪರಿವರ್ತನೆ ಆಗಿದೆಯೋ ಇಲ್ಲವೋ, ಸೈಟು ಮಾರಾಟವಾಗಿರುತ್ತದೆ. ನೀರಿನ ಕೊಳವೆ ಹತ್ತು ವರ್ಷ ತಡವಾಗಿ ಬರುತ್ತದೆ. ನಿವೃತ್ತಿಯ ದುಡ್ಡಿನಲ್ಲಿ ಅಲ್ಲಿ ಸೈಟು ಕೊಂಡವರು ಈ ಸಭೆಯಲ್ಲೂ ಇದ್ದೀರಿ.

ಇಲ್ಲಿ ಕಾನೂನಿನ ಒಂದು ಸಣ್ಣ ಎಳೆಯನ್ನು ನಿಮ್ಮ ಗಮನಕ್ಕೆ ತರಬೇಕು. ಕರ್ನಾಟಕದ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಮಹಾಯೋಜನೆಯಲ್ಲಿ ಖಾಸಗಿ ಜಮೀನೊಂದನ್ನು ಉದ್ಯಾನಕ್ಕೋ ಆಟದ ಮೈದಾನಕ್ಕೋ ಮೀಸಲಿಟ್ಟರೆ ಅದನ್ನು ಐದು ವರ್ಷದೊಳಗೆ ಸ್ವಾಧೀನ ಮಾಡಿಕೊಳ್ಳಬೇಕು. ಆಗದಿದ್ದರೆ ಮೀಸಲು ಬಿದ್ದುಹೋಗುತ್ತದೆ. ಜಮೀನಿನ ಮಾಲೀಕನ ದೃಷ್ಟಿಯಲ್ಲಿ ಇದು ನ್ಯಾಯ, ಯಾರ ಹೊಲವನ್ನೂ ಹಣ ಕೊಡದೆ ಎಂದೆಂದಿಗೂ ಕಟ್ಟಿಹಾಕಬಾರದು. ಆದರೆ ನಮ್ಮ ಪುರಸಭೆಗಳ ಬಳಿ ಸ್ವಾಧೀನಕ್ಕೆ ಹಣವಿರುವುದಿಲ್ಲ. ಹೀಗಾಗಿ ನಕ್ಷೆಯ ಮೇಲೆ ಹಸಿರು ಹಚ್ಚಿದ ಹತ್ತು ಜಾಗಗಳಲ್ಲಿ ಎಷ್ಟು ಉದ್ಯಾನವಾದವು ಎಂದು ನೀವು ನಿಮ್ಮ ಊರಿಗೆ ಹೋದಾಗ ನಡೆದು ನೋಡಿ. ಹಸಿರು ಹಚ್ಚುವ ದಿನವೇ ಯಾವ ಎರಡು ಜಾಗವನ್ನು ಖಂಡಿತ ಕೊಳ್ಳುತ್ತೇವೆ, ದುಡ್ಡು ಎಲ್ಲಿಂದ ಎಂದು ಬರೆದಿಟ್ಟರೆ ಆ ಎರಡಾದರೂ ಉಳಿಯುತ್ತವೆ. ಹತ್ತನ್ನು ತೋರಿಸಿ ಹತ್ತನ್ನೂ ಕಳೆದುಕೊಳ್ಳುವ ರೂಢಿಯನ್ನು ನಾವು ಬಿಡಬೇಕು.

ಉಳಿಸಿಕೊಂಡ ಉದಾಹರಣೆಯೂ ಇದೆ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಡಲಾಯಿತು. ಆಸ್ಪತ್ರೆಯೂ ಜನರಿಗೆ ಬೇಕಾದದ್ದೇ ಅಲ್ಲವೇ ಎಂಬುದು ವಾದ. ಬಡಾವಣೆಯ ನಿವಾಸಿಗಳು ಬಿಡಲಿಲ್ಲ. ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ.ಎಸ್. ಮುದ್ದಪ್ಪ ಎಂಬ ಆ ಪ್ರಕರಣದಲ್ಲಿ 1991ರಲ್ಲಿ ಸುಪ್ರೀಂ ಕೋರ್ಟ್ ನಿವಾಸಿಗಳ ಪರ ನಿಂತಿತು. ಉದ್ಯಾನಕ್ಕೆ ಬಿಟ್ಟ ನೆಲ ಅಧಿಕಾರದಲ್ಲಿರುವವರು ಬೇಕಾದಾಗ ಬೇಕಾದವರಿಗೆ ಕೊಡುವ ಸ್ವತ್ತಲ್ಲ ಎಂದು ದೇಶಕ್ಕೇ ಅನ್ವಯಿಸುವ ತೀರ್ಪು ಬಂದದ್ದು ಕನ್ನಡ ನಾಡಿನ ಒಂದು ಬೀದಿಯಿಂದ. ಅವರು ಗೆದ್ದದ್ದಕ್ಕೆ ಒಂದು ಕಾರಣವಿದೆ. ಆ ಜಾಗ ಉದ್ಯಾನ ಎಂದು ಕಾಗದದಲ್ಲಿ ಬರೆದಿತ್ತು. ಸರೋಜಿನಿ ನಗರದ ನಮ್ಮ ಅಂಗಳಕ್ಕೆ ಅಂಥ ಕಾಗದ ಇರಲಿಲ್ಲ.

ನನ್ನ ಕೈಯಿಂದಲೇ ಆದ ಒಂದು ತಪ್ಪನ್ನು ಈ ಸಭೆಗೆ ಹೇಳಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ತಾಲ್ಲೂಕು ಕೇಂದ್ರದ ಭೂಬಳಕೆ ಸಮೀಕ್ಷೆ ಮಾಡಿದೆ. ಊರಂಚಿನಲ್ಲಿ ಮೂರು ಎಕರೆಯಷ್ಟು ಬಯಲು. ಬುಧವಾರ ಹೋದೆ, ಗುರುವಾರ ಹೋದೆ, ಎರಡು ನಾಯಿ, ಒಂದು ಬೇಲಿ, ಅಷ್ಟೇ. ಖಾಲಿ ಎಂದು ಬರೆದು ಹಳದಿ ಹಚ್ಚಿದೆ. ಸುತ್ತಲಿನ ನಲವತ್ತು ಹಳ್ಳಿಗಳ ಸಂತೆ ಅಲ್ಲಿ ಸೇರುತ್ತಿದ್ದುದು ಸೋಮವಾರ. ನಾಲ್ಕು ವರ್ಷದ ನಂತರ ಅದೇ ಊರಿಗೆ ಹೋದಾಗ ಅಲ್ಲಿ ಸೈಟುಗಳಾಗಿದ್ದವು, ಸಂತೆ ಹೆದ್ದಾರಿಯ ಬದಿಗೆ ಬಂದಿತ್ತು. ಲಾರಿಗಳು ಹಾಯುವ ದೂಳಿನಲ್ಲಿ ಒಬ್ಬ ಮುದುಕಿ ಹುಣಿಸೆಹಣ್ಣಿನ ಕುಕ್ಕೆ ಇಟ್ಟುಕೊಂಡು ಕೂತಿದ್ದಳು. ಮೊದಲು ಎಲ್ಲಿ ಕೂರುತ್ತಿದ್ದೆ ಅಜ್ಜಿ ಎಂದು ಕೇಳಿದೆ. "ಅಲ್ಲೇ ಕಣಪ್ಪಾ, ಆಲದ ಮರದ ತಾವ. ಈಗ ಅದು ಯಾರ್ದೋ ಆಯ್ತಂತೆ" ಎಂದಳು. ಯಾರದ್ದೂ ಅಲ್ಲದ್ದನ್ನು ಯಾರದ್ದೋ ಮಾಡಿದ್ದು ನನ್ನ ಪೆನ್ಸಿಲು.

ಅಂದಿನಿಂದ ಯಾವ ಊರಿನ ನಕ್ಷೆಗೆ ಕೈ ಹಾಕಿದರೂ ಒಂದು ನಿಯಮ ಇಟ್ಟುಕೊಂಡೆ. ವಾರದ ಏಳೂ ದಿನ, ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ, ಒಂದು ಜಾತ್ರೆಯ ದಿನ, ಒಂದು ಮಳೆಯ ದಿನ ನೋಡದೆ ಯಾವ ಜಾಗವನ್ನೂ ಖಾಲಿ ಎಂದು ಬರೆಯಬಾರದು. ಇದಕ್ಕೆ ಉಪಗ್ರಹ ಚಿತ್ರ ಸಾಲದು. ಹಾಲು ಹಾಕುವವರನ್ನು, ಕಸ ಒಯ್ಯುವ ಪೌರಕಾರ್ಮಿಕರನ್ನು, ಶಾಲೆಗೆ ನಡೆದು ಹೋಗುವ ಮಕ್ಕಳನ್ನು ಕೇಳಬೇಕು. ವಾರ್ಡಿಗೊಂದರಂತೆ ಇಂಥ ದಾಖಲೆ ಮಾಡಲು ಒಂದು ಪುರಸಭೆಗೆ ತಗಲುವ ಖರ್ಚು ಒಂದು ಸ್ವಾಗತ ಕಮಾನಿನ ಖರ್ಚಿಗಿಂತ ಕಡಿಮೆ. ಆಮೇಲೆ ಊರು ಎತ್ತರಕ್ಕೆ ಬೆಳೆಯಲಿ, ನಿವೇಶನದ ಅಳತೆಗೆ ತಕ್ಕಂತೆ ಕಟ್ಟಬಹುದಾದ ವಿಸ್ತೀರ್ಣದ ಪ್ರಮಾಣವಾದ ಎಫ್‌ಎಆರ್ ಹೆಚ್ಚಲಿ, ಒಂದು ಮನೆಯಿದ್ದಲ್ಲಿ ನಾಲ್ಕು ಬರಲಿ. ಯಾವುದನ್ನು ಮುಟ್ಟುತ್ತಿದ್ದೇವೆ ಎಂಬುದು ಗೊತ್ತಿದ್ದರೆ ಬೆಳವಣಿಗೆಗೆ ಹೆದರಬೇಕಾದದ್ದಿಲ್ಲ. ನಮ್ಮೆದುರೇ ಇದೆಯಲ್ಲ ದಿಲ್ಲಿ ಹಾಟ್: ಐಎನ್‌ಎ ಮಾರುಕಟ್ಟೆಯ ಎದುರು ನಾಲೆಯೊಂದರ ಮೇಲೆ ಹೊದಿಕೆ ಹಾಕಿ 1994ರಲ್ಲಿ ಮಾಡಿದ ಜಾಗ. ಯಾರ ಅಂಗಳವನ್ನೂ ಕೀಳದೆ ದೇಶದ ಎಲ್ಲ ಕಡೆಯ ಕುಶಲಕರ್ಮಿಗಳಿಗೆ ಅಂಗಡಿ ಸಿಕ್ಕಿತು. ಹೀಗೆ ನೆಲವನ್ನು ಹುಡುಕಿ ತೆಗೆಯುವ ಕಣ್ಣೂ ಇದೇ ನಗರಕ್ಕಿದೆ.

ಸರೋಜಿನಿ ನಗರದ ಹಳೆಯ ಅಂಗಳಗಳು ತಿರುಗಿ ಬರುವುದಿಲ್ಲ. ಆದರೆ ಏಳು ಬಡಾವಣೆಗಳ ಕೆಲಸ ಇನ್ನೂ ಹಲವು ಕಡೆ ನಡೆಯುತ್ತಿದೆ, ದೆಹಲಿಯ ಬೇರೆ ಸರಕಾರಿ ಬಡಾವಣೆಗಳ ಸರದಿ ಮುಂದೆ ಬರುತ್ತದೆ, ನಮ್ಮ ಊರುಗಳ ಸರದಿ ಆಗಲೇ ಬಂದಿದೆ. ಅದಕ್ಕೇ ಒಂದು ಬೇಡಿಕೆ. ಹಿಂದಿನ ಬಾಗಿಲ ಬಳಿ ಉದ್ದನೆಯ ಮೇಜಿನ ಮೇಲೆ ಎಂಟು ಹಾಳೆಗಳನ್ನು ಸೇರಿಸಿ ಅಂಟಿಸಿದ ಕಾಗದ ಹಾಸಿದ್ದೇನೆ. ಹಳೆಯ ಸರೋಜಿನಿ ನಗರದ ರಸ್ತೆಗಳನ್ನೂ ಬ್ಲಾಕುಗಳನ್ನೂ ನೆನಪಿನಿಂದ ಗೆರೆ ಎಳೆದಿದ್ದೇನೆ, ತಪ್ಪಿದ್ದರೆ ತಿದ್ದಿ. ಪೆನ್ಸಿಲುಗಳಿವೆ. ಕಾಫಿಗೆ ಹೋಗುವ ಮುನ್ನ ಅಲ್ಲಿ ವಾಸ ಮಾಡಿದ್ದವರೆಲ್ಲ ಒಂದೊಂದು ಗುರುತು ಹಾಕಬೇಕು: ಗೌರಿ ಹಬ್ಬಕ್ಕೆ ಮಣ್ಣು ತಂದದ್ದು ಎಲ್ಲಿಂದ, ಮಕ್ಕಳು ಕ್ರಿಕೆಟ್ ಆಡಿದ್ದು ಎಲ್ಲಿ, ಸೈಕಲ್ ರಿಪೇರಿಯವನು ಕೂರುತ್ತಿದ್ದದ್ದು ಯಾವ ಮೂಲೆ, ಕೆಲಸದವರು ಇದ್ದದ್ದು ಯಾವ ಗೋಡೆಯ ಹಿಂದೆ. ನಿಮ್ಮ ಮೊಮ್ಮಕ್ಕಳನ್ನೂ ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ, ಅವರು ಅಲ್ಲಿನ ಮಾರುಕಟ್ಟೆಯಲ್ಲಿ ಈಗ ಎಲ್ಲಿ ಭೇಟಿಯಾಗುತ್ತಾರೆಂಬುದನ್ನೂ ಬರೆಯಲಿ. ನಾನು ಈಗಾಗಲೇ ಎರಡು ಗುರುತು ಹಾಕಿದ್ದೇನೆ. ಒಂದು, ನೇರಳೆ ಮರದಡಿಯ ಇಸ್ತ್ರಿ ಮೇಜು. ಇನ್ನೊಂದು, ನಮ್ಮ ಹಿತ್ತಿಲ ಕರಿಬೇವು.